ಗಾಯಗೊಂಡ ಹೇಂಟೆಯ ನಿರಾಹಾರವೂ ವ್ರತಿಯ ಉಪವಾಸವೂ

ಉಣ್ಣದೆ ಇರುವುದೆಲ್ಲವೂ ಉಪವಾಸವೆನಿಸಿಕೊಳ್ಳುವುದಿಲ್ಲ. ಆಹಾರತ್ಯಾಗದೊಡನೆ ಕ್ರೋಧಾದಿ ಕಷಾಯಗಳು ತಗ್ಗಬೇಕು, ಇಂದ್ರಿಯಗಳು ವಿಷಯದಿಂದ ಹಿಂದೆ ಸರಿಯಬೇಕು, ಮನಸ್ಸು ಆತ್ಮನ ಬಳಿಯಲ್ಲಿ ನೆಲೆಸಬೇಕು. ಹೀಗಾದರೆ ಮಾತ್ರ ಅದು ಉಪವಾಸ. ಇವು ಯಾವುವೂ ಇಲ್ಲದೆ ಹೊಟ್ಟೆಯೊಂದೇ ಬರಿದಾದರೆ ಅದನ್ನು ಆಚಾರ್ಯರು ಲಂಘನವೆಂದು ಬೇರೆ ಹೆಸರಿನಿಂದ ಕರೆದಿದ್ದಾರೆ. ಈ ಭೇದವನ್ನು ಬಾಲ್ಯದಿಂದಲೂ ಬಸದಿಯಲ್ಲಿ ಕೇಳುತ್ತ ಬಂದವರಿಗೆ ಇದು ಹೊಸ ಮಾತಲ್ಲ. ಆದರೆ ಕೇಳಿದ ಮಾತು ನಡತೆಗೆ ಇಳಿಯುವಾಗ ತೊಡಕು ಉಂಟಾಗುತ್ತದೆ. ಹಸಿದ ಶರೀರವು ಹೊರಗಿನಿಂದ ಎಲ್ಲ ಕಡೆಯೂ ಒಂದೇ ಬಗೆಯಾಗಿ ಕಾಣುತ್ತದೆ. ವ್ರತದಿಂದ ಬಳಲಿದವನ ಮುಖವೂ, ರೋಗದಿಂದ ಅನ್ನ ಸೇರದವನ ಮುಖವೂ, ಅನ್ನ ಸಿಕ್ಕದವನ ಮುಖವೂ ನೋಡುವ ಕಣ್ಣಿಗೆ ಹೆಚ್ಚು ಬೇರೆಯಾಗಿರುವುದಿಲ್ಲ. ಹಾಗಾದರೆ ಭೇದವೆಲ್ಲಿದೆ? ಆ ಭೇದವನ್ನು ಮರೆತ ಗೃಹಸ್ಥನಿಗೆ ಬರುವ ದೋಷವೇನು?

ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ತಪಸ್ವಿಗಳ ಚರಿತ್ರೆಯಿಂದ ವಿಚಾರಮಾಡುವುದು ರೂಢಿ. ಹಿತ್ತಿಲಿನಲ್ಲಿ ಓಡಾಡುವ ಒಂದು ಸಾಮಾನ್ಯ ಹೇಂಟೆಯಿಂದಲೂ ಅದನ್ನು ವಿಚಾರಮಾಡಬಹುದು. ಗಾಯಗೊಂಡು ಹೆದರಿದ ಕೋಳಿಯು ಉಣ್ಣುವುದನ್ನು ಬಿಡುತ್ತದೆ. ಚೇತರಿಸಿಕೊಳ್ಳುವಾಗ ಅದರ ಶರೀರದಲ್ಲಿ ಕ್ರಮವಾಗಿ ಹಲವು ಮಾರ್ಪಾಟುಗಳು ಆಗುತ್ತವೆ. ಅವನ್ನು ತಾಳ್ಮೆಯಿಂದ ನೋಡಿದವನಿಗೆ ಉಪವಾಸದ ಅರ್ಥ ಮಾತ್ರವಲ್ಲ, ಅಹಿಂಸಾಣುವ್ರತದ ಒಂದು ಮುಖ್ಯವಾದ ಅತಿಚಾರದ ಅರ್ಥವೂ ಸ್ಪಷ್ಟವಾಗುತ್ತದೆ.

ಶ್ರಾವಕನ ಮನೆಗೂ ಕೋಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಮುಟ್ಟದ ಮನೆಯಲ್ಲಿ ಕೋಳಿ ಸಾಕುವ ಪ್ರಸಂಗವಿಲ್ಲವೆಂಬುದು ನಿಜ. ಆದರೆ ಬೆಳಗಾವಿ, ಧಾರವಾಡ, ಹಾಸನ, ದಕ್ಷಿಣ ಕನ್ನಡ ಮೊದಲಾದ ಕಡೆಗಳಲ್ಲಿ ಒಕ್ಕಲುತನದ ಜೈನ ಕುಟುಂಬಗಳು ಬಹಳವಾಗಿವೆ. ಆಳುಮಕ್ಕಳ ಮನೆಯ ಕೋಳಿ, ನೆರೆಮನೆಯ ಕೋಳಿ ಕಣದಲ್ಲಿಯೂ ಹಿತ್ತಿಲಿನಲ್ಲಿಯೂ ಕಾಳು ಹೆಕ್ಕುತ್ತ ತಿರುಗುತ್ತವೆ. ಬೇಲಿಗೆ ಗಡಿಯುಂಟು, ಕೋಳಿಗೆ ಗಡಿಯಿಲ್ಲ. ನಾಯಿಯ ಬಾಯಿಂದಲೋ ಮುಂಗುಸಿಯ ಹಲ್ಲಿನಿಂದಲೋ ಗಾಡಿಯ ಚಕ್ರದಿಂದಲೋ ತಪ್ಪಿಸಿಕೊಂಡ ಪ್ರಾಣಿಯು ಯಾರ ಜಗಲಿಯ ಕೆಳಗೆ ಬಂದು ಅಡಗುವುದೆಂದು ಹೇಳಲಾಗದು. ತುಳುನಾಡಿನ ಕೋಳಿ ಅಂಕದಲ್ಲಿ ಕತ್ತಿಯ ಏಟು ತಿಂದ ಹುಂಜವೂ ಹೀಗೆಯೇ ಒಮ್ಮೊಮ್ಮೆ ಯಾರದೋ ತೋಟವನ್ನು ಹೊಗುತ್ತದೆ. ಅದು ಯಾರ ಸೊತ್ತೆಂಬ ವಿಚಾರ ಆಮೇಲಿನದು; ಬಾಗಿಲಿಗೆ ಬಂದ ಜೀವದ ಪ್ರಾಣರಕ್ಷಣೆ ಮೊದಲಿನದು.

ಜೀವವಿಚಾರ

ಕೋಳಿಯು ಪಂಚೇಂದ್ರಿಯ ತಿರ್ಯಂಚ, ಅಂಡಜವಾದ ಗರ್ಭಜನ್ಮದ್ದು, ಮನಸ್ಸುಳ್ಳ ಸಂಜ್ಞೀ ಜೀವ. ಐದು ಇಂದ್ರಿಯಗಳು, ಮನೋವಚನಕಾಯವೆಂಬ ಮೂರು ಬಲಗಳು, ಆಯು, ಶ್ವಾಸೋಚ್ಛ್ವಾಸ ಎಂಬ ಹತ್ತು ಪ್ರಾಣಗಳೂ ಅದಕ್ಕೆ ಉಂಟು. ಪ್ರಾಣಗಳ ಲೆಕ್ಕದಲ್ಲಿ ಮನುಷ್ಯನಿಗೂ ಅದಕ್ಕೂ ಒಂದೂ ಕಡಮೆಯಿಲ್ಲ. ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು ಅದರಲ್ಲಿಯೂ ಇವೆ. ಸಂಜ್ಞೀ ಪಂಚೇಂದ್ರಿಯ ತಿರ್ಯಂಚವು ದೇಶವ್ರತವನ್ನು ಸ್ವೀಕರಿಸಿ ಐದನೆಯ ಗುಣಸ್ಥಾನದವರೆಗೆ ಏರಬಲ್ಲುದೆಂದು ಸಿದ್ಧಾಂತವು ಹೇಳುತ್ತದೆ.

ಇದಕ್ಕೆ ಕನ್ನಡದ ಜೈನರಿಗೆ ಪರಿಚಿತವಾದ ದೃಷ್ಟಾಂತವು ಯಶೋಧರನ ಕಥೆ. ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕದಲ್ಲಿಯೂ, ಜನ್ನನು 1209ರಲ್ಲಿ ಯಶೋಧರ ಚರಿತೆಯಲ್ಲಿಯೂ ಇದನ್ನು ಹೇಳಿದ್ದಾರೆ. ಯಶೋಧರನು ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು, ಜೀವವಿರುವ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ, ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿಕೊಟ್ಟನು. ಕಡಿದುದು ಹಿಟ್ಟನ್ನೇ ಆದರೂ ಕಡಿದವನ ಭಾವದಲ್ಲಿದ್ದುದು ಕೋಳಿ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿ ಕಡೆಯಲ್ಲಿ ಕೋಳಿಗಳಾಗಿಯೇ ಹುಟ್ಟಿದರು. ಈ ಕೊನೆಯ ಭಾಗವನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. ಆ ಕೋಳಿಗಳು ಮುನಿಯ ಧರ್ಮೋಪದೇಶವನ್ನು ಕೇಳಿ, ಜಾತಿಸ್ಮರಣೆಯನ್ನು ಪಡೆದು, ವ್ರತವನ್ನು ಸ್ವೀಕರಿಸಿ, ಸಂತೋಷದಿಂದ ಕೂಗಿದುವು. ಆ ಕೂಗನ್ನೇ ಗುರಿಮಾಡಿ ಬಿಟ್ಟ ಬಾಣಕ್ಕೆ ಸಿಕ್ಕಿ ಸತ್ತು ಮನುಷ್ಯಜನ್ಮವನ್ನು ಪಡೆದುವು.

ಈ ಕಥೆಯಿಂದ ಎರಡು ವಿಷಯಗಳು ತಿಳಿಯುತ್ತವೆ. ಸಂಕಲ್ಪವು ಸೇರಿದರೆ ಹಿಟ್ಟಿನ ಮುದ್ದೆಯನ್ನು ಕಡಿದುದೂ ಹಿಂಸೆಯಾಗುತ್ತದೆ ಎಂಬುದು ಒಂದು. ಕೋಳಿಯ ದೇಹದಲ್ಲಿರುವ ಜೀವವೂ ವ್ರತಕ್ಕೆ ಪಾತ್ರವಾಗಬಲ್ಲುದು ಎಂಬುದು ಇನ್ನೊಂದು. ಆದುದರಿಂದ ಗಾಯಗೊಂಡ ಹೇಂಟೆಯನ್ನು ಬದುಕಿಸುವವನು ಎರಡು ಸೇರು ತೂಕದ ಒಂದು ದೇಹವನ್ನಷ್ಟೇ ಉಳಿಸುವುದಿಲ್ಲ. ಒಂದು ಜೀವಕ್ಕೆ ದೊರೆಯಬಹುದಾದ ಧರ್ಮದ ಅವಕಾಶವನ್ನೂ ಉಳಿಸುತ್ತಾನೆ.

ಗಾಯದ ಮೊದಲ ದಿನಗಳು

ನಾಯಿಯ ಬಾಯಿಂದ ಬಿಡಿಸಿಕೊಂಡ ಹೇಂಟೆಯ ಅವಸ್ಥೆಯನ್ನು ನೋಡಬೇಕು. ಅದು ಮೂಲೆಯನ್ನು ಸೇರಿ, ಗರಿಗಳನ್ನು ಉಬ್ಬಿಸಿ, ಕತ್ತನ್ನು ಒಳಗೆ ಎಳೆದುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತದೆ. ಮುಂದೆ ಕಾಳು ಚೆಲ್ಲಿದರೂ ನೋಡುವುದಿಲ್ಲ. ಇದನ್ನು ಕಂಡು ಕೆಲವರು ಅದು ಶಾಂತವಾಗಿದೆಯೆಂದು ಭಾವಿಸುತ್ತಾರೆ. ಅದು ಶಾಂತಿಯಲ್ಲ, ಆಘಾತ. ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ನೋವನ್ನು ಕೂಡಿದಮಟ್ಟಿಗೆ ಅಡಗಿಸುತ್ತವೆ. ನೋವು ಹೊರಗೆ ಕಾಣುವಷ್ಟಾದರೆ ಅದು ಬಹಳವಾಗಿದೆಯೆಂದೇ ತಿಳಿಯಬೇಕು. ಮೇಲೆ ದೊಡ್ಡ ಗಾಯವಿಲ್ಲದಿದ್ದರೂ ಕೇವಲ ಭಯದ ಆಘಾತದಿಂದ ಕೆಲವು ಗಂಟೆಗಳಲ್ಲಿ ಸಾಯುವ ಕೋಳಿಗಳುಂಟು.

ಆಗ ಶರೀರದೊಳಗೆ ನಡೆಯುವುದು ಹೀಗೆ. ಭಯವುಂಟಾದೊಡನೆ ಮೂತ್ರಪಿಂಡಗಳ ಬಳಿಯಿರುವ ಗ್ರಂಥಿಗಳಿಂದ ಒಂದು ರಸವು ರಕ್ತಕ್ಕೆ ಸೇರುತ್ತದೆ. ಅದು ಮಾಂಸಖಂಡದ ಸಾರವನ್ನು ಕರಗಿಸಿ ತತ್ಕಾಲದ ಶಕ್ತಿಯನ್ನು ಒದಗಿಸುತ್ತದೆ. ಓಡಿ ತಪ್ಪಿಸಿಕೊಳ್ಳುವ ಗಳಿಗೆಗೆ ಇದು ಉಪಕಾರ. ಆದರೆ ಭಯವು ದಿನಗಟ್ಟಲೆ ನಿಂತರೆ ಅದೇ ರಸವು ರೋಗವನ್ನು ತಡೆಯುವ ಶಕ್ತಿಯನ್ನು ಕುಂದಿಸುತ್ತದೆ. ಆದುದರಿಂದಲೇ ಗಾಯವು ಮಾಯುತ್ತ ಬಂದರೂ ಎರಡು ಮೂರು ವಾರಗಳ ಮೇಲೆ ಅಡಗಿದ್ದ ಬೇರೆ ಯಾವುದೋ ರೋಗ ತಲೆದೋರುವುದುಂಟು. ತಲೆಯ ಮೇಲಣ ಕೆಂಪು ಜುಟ್ಟು ಬಿಳುಪೇರಿ ಬಾಡುತ್ತದೆ. ಹಿಕ್ಕೆ ಕಡಮೆಯಾಗಿ ಹಸಿರುಬಣ್ಣಕ್ಕೆ ತಿರುಗುತ್ತದೆ. ಅನ್ನವಿಲ್ಲದ ಕರುಳಿನಲ್ಲಿ ಪಿತ್ತವೊಂದೇ ಇಳಿಯುತ್ತಿದೆಯೆಂಬುದಕ್ಕೆ ಅದು ಗುರುತು. ಮೊಟ್ಟೆಯಿಡುವುದು ನಿಲ್ಲುತ್ತದೆ, ಮೊದಲೇ ರೂಪುಗೊಂಡಿದ್ದುದು ಹೊರಬಂದರೆ ಅದರ ಚಿಪ್ಪು ತೆಳುವಾಗಿಯೋ ವಿಕಾರವಾಗಿಯೋ ಇರುತ್ತದೆ.

ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಭಯಸಂಜ್ಞೆಯು ಆಹಾರಸಂಜ್ಞೆಯನ್ನು ನುಂಗಿಬಿಟ್ಟಿದೆ. ಒಂದು ಸಂಜ್ಞೆಯನ್ನು ಇನ್ನೊಂದು ಸಂಜ್ಞೆಯು ಒತ್ತಿಹಿಡಿಯುವುದು ಬೇರೆ, ಜ್ಞಾನವು ಸಂಜ್ಞೆಯನ್ನು ಗೆಲ್ಲುವುದು ಬೇರೆ. ಮೊದಲನೆಯದರಲ್ಲಿ ಜೀವವು ಹೆಚ್ಚು ಕಟ್ಟಿಗೆ ಒಳಗಾಗುತ್ತದೆ. ಎರಡನೆಯದರಲ್ಲಿ ಕಟ್ಟು ಸಡಿಲವಾಗುತ್ತದೆ.

ಆದುದರಿಂದ ಇಂಥ ಪ್ರಾಣಿಗೆ ಮೊದಲು ಸಲ್ಲಬೇಕಾದುದು ಆಹಾರದಾನವಲ್ಲ, ಅಭಯದಾನ. ನಾಲ್ಕು ದಾನಗಳಿಗೂ ತಮ್ಮ ತಮ್ಮ ಕಾಲವುಂಟು. ಗದ್ದಲವಿಲ್ಲದ, ಮಂದಬೆಳಕಿನ, ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ, ಅಗಲವಾದ ಬುಟ್ಟಿಯಲ್ಲಿ ಗೋಣಿಯ ಮೇಲೆ ಹುಲ್ಲು ಹಾಸಿ ಅದನ್ನು ಇಡಬೇಕು. ಕೋಳಿಯ ಸಹಜವಾದ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆಘಾತಗೊಂಡಾಗ ಅದನ್ನು ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಮಕ್ಕಳು ಗುಂಪುಗೂಡಿ ನೋಡುವುದನ್ನು ತಡೆಯಬೇಕು. ಬಳಿಯಲ್ಲಿ ಸೋಸಿದ ನೀರನ್ನು ಇಡಬೇಕೇ ಹೊರತು ಕೊಕ್ಕನ್ನು ಬಿಡಿಸಿ ಹೊಯ್ಯಬಾರದು. ಅದರ ಶ್ವಾಸನಾಳದ ಬಾಯಿಯು ನಾಲಗೆಯ ಬುಡದಲ್ಲಿಯೇ ಇರುವುದರಿಂದ ಹೊಯ್ದ ನೀರು ಪುಪ್ಪುಸಕ್ಕೆ ಇಳಿದು ಪ್ರಾಣವನ್ನು ತೆಗೆಯಬಹುದು. ದಯೆಯೂ ಅಜ್ಞಾನದೊಡನೆ ಕೂಡಿದರೆ ಪ್ರಮಾದವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆಮೇಲೆ ಔಷಧದಾನ. ನಾಯಿ, ಬೆಕ್ಕುಗಳ ಹಲ್ಲಿನ ಗಾಯವು ಹೊರಗೆ ಸೂಜಿಯ ಮೊನೆಯಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ ಮತ್ತು ಬೇಗನೆ ಕೀವಾಗುತ್ತದೆ. ಇದಕ್ಕೆ ಪಶುವೈದ್ಯರನ್ನು ಕಾಣುವುದೇ ಸರಿ. ಮೇಲಿನ ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಬೇಕು. ಒಂದು ಲೀಟರು ನೀರಿಗೆ ಒಂಬತ್ತು ಗ್ರಾಂ ಉಪ್ಪು ಸಾಕು. ಇಲ್ಲಿ ಅಹಿಂಸಾವ್ರತಿಗೆ ಒಂದು ಸೂಕ್ಷ್ಮವಾದ ಎಚ್ಚರವಿದೆ. ತೆರೆದ ಗಾಯದ ಮೇಲೆ ನೊಣ ಕುಳಿತರೆ ಒಂದೇ ದಿನದಲ್ಲಿ ಹುಳುಗಳು ಹುಟ್ಟಿಕೊಳ್ಳುತ್ತವೆ. ಆಮೇಲೆ ಹುಳುಗಳನ್ನು ತೆಗೆದರೆ ಆ ತ್ರಸಜೀವಗಳಿಗೆ ಕೇಡು. ತೆಗೆಯದಿದ್ದರೆ ಹೇಂಟೆಗೆ ಮರಣ. ಈ ಇಕ್ಕಟ್ಟಿಗೆ ಸಿಕ್ಕಿಕೊಂಡ ಮೇಲೆ ಯಾವ ಪಾಪ ಹೆಚ್ಚು, ಯಾವುದು ಕಡಮೆ ಎಂದು ಚರ್ಚಿಸುವುದಕ್ಕಿಂತ, ಮೊದಲನೆಯ ದಿನದಿಂದಲೇ ಗಾಯವನ್ನು ತೊಳೆದು ನೊಣ ಮುಸುರದಂತೆ ತೆಳುವಾದ ಬಟ್ಟೆಯ ಮರೆಯಲ್ಲಿ ಇಟ್ಟರೆ ಇಕ್ಕಟ್ಟೇ ಒದಗುವುದಿಲ್ಲ. ಯತ್ನಾಚಾರವೆಂದರೆ ಇದು. ಬಹಳಷ್ಟು ಧರ್ಮಸಂಕಟಗಳು ಹಿಂದಿನ ದಿನದ ಅಜಾಗರೂಕತೆಯಿಂದ ಹುಟ್ಟಿದವುಗಳೇ.

ಚೇತರಿಕೆಯ ಕ್ರಮ

ಭಯವು ಇಳಿದ ಮೇಲೆ ಜೀವವು ಮರಳುವ ಕ್ರಮವನ್ನು ಗಮನಿಸಬೇಕು. ಮೊದಲು ಹೇಂಟೆಯು ನೀರು ಕುಡಿಯುತ್ತದೆ. ಬಳಿಕ ನುಚ್ಚನ್ನೋ ನೆನೆಸಿದ ರಾಗಿಯನ್ನೋ ಮುಟ್ಟುತ್ತದೆ. ಅದು ನಿಜವಾಗಿ ತಿಂದಿತೇ ಎಂಬುದನ್ನು ಸಂಜೆಯ ಹೊತ್ತು ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನು ಮೆಲ್ಲಗೆ ಮುಟ್ಟಿ ತಿಳಿಯಬಹುದು. ರಾತ್ರಿ ತುಂಬಿದ್ದು ಬೆಳಗಿಗೆ ಬರಿದಾಗಿದ್ದರೆ ಒಳಗಿನ ವ್ಯಾಪಾರವು ಸರಿಯಾಗಿ ನಡೆದಿದೆ. ಆಮೇಲೆ ಕೊಕ್ಕಿನಿಂದ ಗರಿಗಳನ್ನು ತಿದ್ದಿಕೊಳ್ಳತೊಡಗುತ್ತದೆ. ಅನಂತರ ಒಣಮಣ್ಣಿನಲ್ಲಿ ಹೊರಳಾಡುತ್ತದೆ. ಇದು ಕೋಳಿಯ ಸ್ನಾನ. ಭಯವಿರುವ ಕೋಳಿಯು ಮಣ್ಣಿನಲ್ಲಿ ಹೊರಳುವುದಿಲ್ಲ. ಬಳಿಕ ಧ್ವನಿ ಮರಳುತ್ತದೆ, ಜುಟ್ಟು ಮತ್ತೆ ಕೆಂಪಾಗುತ್ತದೆ.

ಗರಿಗಳ ವಿಷಯವು ವಿಶೇಷವಾದುದು. ಬುಡಸಹಿತ ಕಿತ್ತುಹೋದ ಗರಿಯ ಎಡೆಯಲ್ಲಿ ಹೊಸದು ಬೇಗನೆ ಮೂಡುತ್ತದೆ. ನಡುವೆ ಮುರಿದ ಗರಿಯಾದರೆ ಮುಂದಿನ ಗರಿಯುದುರುವ ಕಾಲದವರೆಗೆ ಹಾಗೆಯೇ ಉಳಿಯುತ್ತದೆ. ಪೂರ್ತಿಯಾಗಿ ಹೋದುದು ಮರಳುತ್ತದೆ, ಅರೆಬರೆಯಾಗಿ ಮುರಿದುದು ಕಾಯಬೇಕಾಗುತ್ತದೆ. ಮೊಳೆಯುವ ಗರಿಯಲ್ಲಿ ರಕ್ತವು ತುಂಬಿರುವುದರಿಂದ ಮುಟ್ಟಿದರೆ ನೋವು. ಆಗ ಮುದ್ದಿಗೆಂದು ಎತ್ತಿಕೊಳ್ಳುವುದೂ ಪೀಡೆಯೇ. ಗರಿಯಲ್ಲಿ ನೂರಕ್ಕೆ ಸುಮಾರು 85 ಭಾಗ ಸಸಾರಜನಕವೇ ಇದೆ. ಅದಕ್ಕಾಗಿ ಬೇಯಿಸಿದ ಬೇಳೆಕಾಳು, ಎಳ್ಳು, ಶೇಂಗಾಹಿಂಡಿಗಳು ಆ ಕಾಲದಲ್ಲಿ ಉಪಕಾರಿ. ಗರಿಯು ಬೆಳೆಯುತ್ತಿದ್ದಾಗ ಹಸಿವೋ ಭಯವೋ ಒದಗಿದ್ದರೆ ಆ ದಿನಗಳ ಗುರುತಾಗಿ ಗರಿಯಲ್ಲಿ ಅಡ್ಡವಾಗಿ ಒಂದು ಬಡಕಲು ಗೆರೆಯು ನಿಲ್ಲುತ್ತದೆ. ಆ ಗರಿಯು ಉದುರುವವರೆಗೆ ಆ ಗೆರೆಯು ಅಳಿಯುವುದಿಲ್ಲ. ಹಸಿವು ತೀರಿದರೂ ಹಸಿವಿನ ಲೆಕ್ಕ ಉಳಿದಿರುತ್ತದೆ.

ಎಲ್ಲಕ್ಕೂ ಕೊನೆಯಲ್ಲಿ, ಕೆಲವೊಮ್ಮೆ ತಿಂಗಳುಗಳ ಮೇಲೆ, ಮೊಟ್ಟೆ. ಶರೀರವು ತನ್ನನ್ನು ತಾನು ಸರಿಪಡಿಸಿಕೊಂಡ ಮೇಲಲ್ಲದೆ ಹೊರಗೆ ಏನನ್ನೂ ಕೊಡುವುದಿಲ್ಲ. ಮೊಟ್ಟೆಗಾಗಿ ಕೋಳಿ ಸಾಕುವವನು ಈ ಅವಧಿಯಲ್ಲಿಯೇ ಅದನ್ನು ಮಾರಿಬಿಡುತ್ತಾನೆ ಅಥವಾ ಕೊಯ್ಯುತ್ತಾನೆ. ಅವನ ಕಣ್ಣಿಗೆ ಅದು ದಂಡಕ್ಕೆ ತಿನ್ನುವ ಪ್ರಾಣಿ. ಮೊಟ್ಟೆಯ ಅಪೇಕ್ಷೆಯೇ ಇಲ್ಲದ ಶ್ರಾವಕನಿಗೆ ಮಾತ್ರ ಆ ಪ್ರಾಣಿಯ ಆರೋಗ್ಯವು ಪ್ರಾಣಿಯ ಆರೋಗ್ಯವಾಗಿಯೇ ಕಾಣಬಲ್ಲುದು. ಪ್ರತಿಫಲವಿಲ್ಲದ ಕಾಲದಲ್ಲಿ ಸಲ್ಲಿಸಿದ ಸೇವೆಯೇ ಕಾರುಣ್ಯಭಾವನೆಯ ಪರೀಕ್ಷೆ.

ಗುಂಪಿಗೆ ಮರಳಿಸುವಾಗಲೂ ಎಚ್ಚರ ಬೇಕು. ಕೋಳಿಗಳಲ್ಲಿ ಮೇಲುಕೀಳುಗಳ ಒಂದು ಸಾಲು ಉಂಟೆಂಬುದನ್ನು ನಾರ್ವೆ ದೇಶದ ಶೆಲ್ಡೆರಪ್-ಎಬ್ಬೆ ಎಂಬ ವಿದ್ವಾಂಸನು 1920ರ ದಶಕದ ಆರಂಭದಲ್ಲಿ ನಿರೂಪಿಸಿದನು. ಕೆಂಪಾದ ಗಾಯವನ್ನು ಕಂಡರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. ಬಹುಕಾಲ ಒಂಟಿಯಾಗಿದ್ದರೆ ಹೇಂಟೆಯು ತನ್ನ ಸ್ಥಾನವನ್ನು ಕಳೆದುಕೊಳ್ಳುತ್ತದೆ. ಗಾಯವು ಮಾಯುವವರೆಗೆ ನಡುವೆ ತಂತಿಯ ಬಲೆಯನ್ನು ಇಟ್ಟು, ಒಂದನ್ನೊಂದು ಕಾಣುವಂತೆ ಇರಿಸಿ, ಆಮೇಲೆ ಕೂಡಿಸುವುದು ಉಚಿತ.

ನಾಲ್ಕು ಬಗೆಯ ನಿರಾಹಾರ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಹೇಂಟೆಯು ಉಣ್ಣದಿರುವ ಪ್ರಸಂಗಗಳು ಮೂರು. ಕಾವಿಗೆ ಕುಳಿತ ಹೇಂಟೆಯು ಇಪ್ಪತ್ತೊಂದು ದಿನ ಗೂಡನ್ನು ಬಿಟ್ಟು ಹೆಚ್ಚು ಹೊತ್ತು ಏಳುವುದಿಲ್ಲ. ಪಕ್ಕದಲ್ಲಿಯೇ ಕಾಳಿದ್ದರೂ ಅಲ್ಪವಾಗಿ ತಿಂದು ಕೃಶವಾಗುತ್ತದೆ. ಇದು ಪ್ರಕೃತಿಯಿಂದ ಬಂದ ನಿರಾಹಾರ; ಇದರಲ್ಲಿರುವುದು ಮರಿಯ ಮೇಲಣ ಮೋಹ. ಗಾಯಗೊಂಡ ಹೇಂಟೆಯು ಉಣ್ಣದಿರುವುದು ಭಯರೋಗಗಳಿಂದ ಬಂದ ನಿರಾಹಾರ, ಇದು ಲಂಘನ. ಮೂರನೆಯದು ಮನುಷ್ಯನು ಉಣ್ಣಗೊಡದೆ ಮಾಡಿದ ನಿರಾಹಾರ, ಇದು ನಿರೋಧ. ಇವುಗಳ ಆಚೆಗೆ ನಾಲ್ಕನೆಯದಾಗಿ ವ್ರತಿಯ ಉಪವಾಸವಿದೆ. ಮೊದಲಿನ ಮೂರರಲ್ಲಿಯೂ ಹೊಟ್ಟೆ ಬರಿದು. ನಾಲ್ಕನೆಯದರಲ್ಲಿ ಮಾತ್ರ ತಿಳಿದು, ಒಪ್ಪಿ, ಮೇರೆಯನ್ನು ಗೊತ್ತುಮಾಡಿಕೊಂಡು ಬಿಟ್ಟ ತ್ಯಾಗವುಂಟು. ಸೂರ್ಯನು ಮುಳುಗಿದ ಮೇಲೆ ಹೇಂಟೆಯೂ ಏನನ್ನೂ ಉಣ್ಣುವುದಿಲ್ಲ. ಆದರೂ ಅದಕ್ಕೆ ರಾತ್ರಿಭೋಜನತ್ಯಾಗ ವ್ರತವಿದೆಯೆಂದು ಯಾರೂ ಹೇಳುವುದಿಲ್ಲ. ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣದು, ಅಷ್ಟೇ. ದೀಪವನ್ನು ಹಚ್ಚಿದರೆ ಉಣ್ಣುತ್ತದೆ. ವ್ಯಾಪಾರದ ಕೋಳಿಮನೆಗಳಲ್ಲಿ ದಿನಕ್ಕೆ ಹದಿನಾರು ಗಂಟೆಗಳವರೆಗೆ ಬೆಳಕನ್ನಿಟ್ಟು ಉಣ್ಣಿಸುವುದೂ ಉಂಟು.

ನಿರೋಧದ ವಿಷಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನೆನೆಯಬೇಕು. ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತುಗಳನ್ನೂ ಆಳುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದುವುದು ವಾಡಿಕೆ. ಇಂದಿನ ಮೊಟ್ಟೆಯ ವ್ಯಾಪಾರದಲ್ಲಿ ಇವು ಬಹುಮಟ್ಟಿಗೆ ಒಂದೇ ಪ್ರಾಣಿಯ ಮೇಲೆ ಕೂಡಿಬರುತ್ತವೆ. ರೆಕ್ಕೆ ಬಿಚ್ಚಲಾಗದ ತಂತಿಯ ಪಂಜರವು ಬಂಧನ. ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿಯನ್ನು ಕತ್ತರಿಸುವುದು ಛೇದ. ಕಾಡುಕೋಳಿಯು ವರ್ಷಕ್ಕೆ ಸುಮಾರು ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟರೆ, ವ್ಯಾಪಾರಕ್ಕಾಗಿ ಬೆಳೆಸಿದ ತಳಿಯು ಸುಮಾರು 300 ಮೊಟ್ಟೆಗಳನ್ನು ಇಡುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು ಎರಡು ಗ್ರಾಂ ಸುಣ್ಣದ ಸಾರ ಬೇಕು. ಹೇಂಟೆಯ ಇಡಿಯ ಎಲುಬುಗೂಡಿನಲ್ಲಿರುವುದು ಇಪ್ಪತ್ತು ಗ್ರಾಮಿನ ಆಸುಪಾಸು. ಮೇವಿನಿಂದ ಬಂದುದು ಸಾಲದಾದಾಗ ಎಲುಬೇ ಕರಗಿ ಮುರಿಯುವಂತಾಗುತ್ತದೆ. ಭಾರವನ್ನು ಬೆನ್ನಿನ ಮೇಲೆ ಹೇರದೆ ಹೊಟ್ಟೆಯೊಳಗೆ ಹೇರಿದರೂ ಅದು ಅತಿಭಾರಾರೋಪಣವೇ.

ಐದನೆಯದಾದ ಅನ್ನಪಾನನಿರೋಧವು ಇವುಗಳಲ್ಲಿ ಹೆಚ್ಚು ಕ್ರೂರವಾದುದು. ಮೊಟ್ಟೆಯು ಕಡಮೆಯಾದ ಹೇಂಟೆಗಳಿಗೆ ಕೆಲವು ದಿನಗಳಿಂದ ಎರಡು ವಾರಗಳವರೆಗೆ ಮೇವನ್ನು ನಿಲ್ಲಿಸಿ, ಬಲಾತ್ಕಾರದಿಂದ ಗರಿಯುದುರಿಸಿ, ಮತ್ತೆ ಮೊಟ್ಟೆಗೆ ತರುವ ಪದ್ಧತಿಯೊಂದು ವ್ಯಾಪಾರದಲ್ಲಿ ಬೆಳೆದುಬಂದಿತು. ಮೇವನ್ನು ಕೊಡದಿರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿಗೆ ವಿರುದ್ಧವಾದುದರಿಂದ ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಭಾರತೀಯ ಜೀವಜಂತು ಕಲ್ಯಾಣ ಮಂಡಳಿಯು 2011ರಲ್ಲಿ ತಿಳಿಸಿತು. ಸರಕಾರದ ಕಾಯಿದೆಯು ಇತ್ತೀಚೆಗೆ ಕಂಡುಕೊಂಡುದನ್ನು ಆಚಾರ್ಯರು ವ್ರತದ ಅತಿಚಾರವಾಗಿ ಎಂದೋ ಎಣಿಸಿದ್ದರು.

ಶಂಕೆ ಮತ್ತು ಸಮಾಧಾನ

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಇಚ್ಛೆಯಿಲ್ಲದೆ ಸಹಿಸಿದ ಹಸಿವು ಬಾಯಾರಿಕೆಗಳಿಂದಲೂ ಅಕಾಮನಿರ್ಜರೆಯಾಗುತ್ತದೆ, ಅದು ದೇವಾಯುವಿನ ಆಸ್ರವಕ್ಕೆ ಕಾರಣವೆಂದು ಶಾಸ್ತ್ರದಲ್ಲಿಯೇ ಇದೆ. ಹಾಗಾದರೆ ಮೇವು ತಡೆದವನು ಆ ಪ್ರಾಣಿಗೆ ಉಪಕಾರವನ್ನೇ ಮಾಡಿದಂತಾಗಲಿಲ್ಲವೆ? ಸಮಾಧಾನ: ಹಾಗಲ್ಲ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅಕಾಮನಿರ್ಜರೆಗೆ ಸೆರೆಯಲ್ಲಿ ಕಟ್ಟುಬಿದ್ದವನನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ನಿರ್ಜರೆಯಾದರೆ ಅದು ಸಹಿಸಿದವನ ಮಂದಕಷಾಯದಿಂದ, ಕಟ್ಟಿದವನ ಕೃಪೆಯಿಂದಲ್ಲ. ಹಸಿದವನ ಭಾವದ ಫಲ ಹಸಿದವನಿಗೆ, ಹಸಿವಿಗೆ ಕೆಡವಿದವನ ಭಾವದ ಫಲ ಅವನಿಗೆ. ಒಬ್ಬರ ಪರಿಣಾಮವನ್ನು ಇನ್ನೊಬ್ಬರ ಖಾತೆಗೆ ಬರೆಯುವ ಲೆಕ್ಕವು ಜಿನಶಾಸನದಲ್ಲಿಲ್ಲ.

ಎರಡನೆಯ ಶಂಕೆ. ಕಾಳಿನ ಚೀಲವು ಕಟ್ಟಿಕೊಂಡಾಗ ವೈದ್ಯನೇ ಒಂದು ಹೊತ್ತು ಮೇವು ಬೇಡವೆನ್ನುತ್ತಾನೆ, ಅದೂ ಅತಿಚಾರವೆ? ಸಮಾಧಾನ: ಪ್ರಮತ್ತಯೋಗವಿಲ್ಲದಲ್ಲಿ ಹಿಂಸೆಯಿಲ್ಲ. ಆ ಲಂಘನವು ಪ್ರಾಣಿಯ ಹಿತಕ್ಕಾಗಿ, ಕಾಲದ ಮೇರೆಯುಳ್ಳದ್ದು. ಲಾಭಕ್ಕಾಗಿ, ಕೋಪಕ್ಕಾಗಿ, ಉದಾಸೀನದಿಂದ ತಡೆದುದು ಮಾತ್ರ ಅತಿಚಾರ.

ಮೂರನೆಯ ಶಂಕೆ. ಬದುಕಿದ ಹೇಂಟೆಯು ನಾಳೆ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ಆ ಪಾಪದಲ್ಲಿ ಬದುಕಿಸಿದವನಿಗೆ ಪಾಲಿಲ್ಲವೆ? ಸಮಾಧಾನ: ಬದುಕಿಸಿದವನ ಭಾವವು ಪ್ರಾಣರಕ್ಷಣೆ, ಹುಳುವನ್ನು ಕೊಲ್ಲಿಸುವುದಲ್ಲ. ತನ್ನ ಆಶ್ರಯದಲ್ಲಿರುವಷ್ಟು ದಿನ ಅವನು ಕಾಳನ್ನೇ ಉಣ್ಣಿಸುತ್ತಾನೆ. ಆಮೇಲಿನ ಕರ್ಮವು ಆ ಜೀವದ್ದು. ದಿಲ್ಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆಯೊಂದು ನಡೆಯುತ್ತಿದೆ; ಅದರ ಆರಂಭವು 1929ರಲ್ಲಿ. ಅಲ್ಲಿ ಮಾಂಸಾಹಾರಿ ಹಕ್ಕಿಗಳಿಗೆ ಉಳಿದವುಗಳಿಂದ ಬೇರೆಯಾಗಿ ಚಿಕಿತ್ಸೆ ಮಾಡುತ್ತಾರೆ. ಗಾಯಗೊಂಡುದನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. ದಯೆಯೂ ವಿವೇಕವೂ ಹೇಗೆ ಜೊತೆಯಾಗಿ ನಡೆಯಬೇಕೆಂಬುದಕ್ಕೆ ಅದು ಮಾದರಿ.

ಎಷ್ಟು ಶುಶ್ರೂಷೆ ಮಾಡಿದರೂ ಉಳಿಯದ ಜೀವಗಳೂ ಉಂಟು. ಆಗ, ಹೇಗೂ ಉಣ್ಣುವುದನ್ನು ಬಿಟ್ಟಿದೆ, ಸಲ್ಲೇಖನವನ್ನೇ ಹಿಡಿದಂತಾಯಿತು ಎಂದು ಹೇಳಿ ನೀರನ್ನೂ ದೂರ ಸರಿಸುವುದು ಘೋರವಾದ ತಪ್ಪು. ಸಲ್ಲೇಖನವು ಕಷಾಯವನ್ನೂ ಕಾಯವನ್ನೂ ತಿಳಿದು ಕೃಶಗೊಳಿಸುವ ವ್ರತ. ಸಂಕಟದಲ್ಲಿ ಕಣ್ಣುಮುಚ್ಚಿದ ಪ್ರಾಣಿಯ ಮೇಲೆ ಆ ಹೆಸರನ್ನು ಹೊರಿಸಲಾಗದು. ಕೊನೆಯ ಉಸಿರಿನವರೆಗೂ ನೀರು ಬಳಿಯಲ್ಲಿರಬೇಕು. ಜೀವಂಧರನು ಏಟು ತಿಂದು ಸಾಯುತ್ತಿದ್ದ ನಾಯಿಗೆ ಮಾಡಿದಂತೆ, ಕಿವಿಯಲ್ಲಿ ಪಂಚನಮಸ್ಕಾರವನ್ನು ಮೆಲ್ಲನೆ ಹೇಳಬೇಕು. ಆ ನಾಯಿಯು ಯಕ್ಷನಾಗಿ ಹುಟ್ಟಿದ ಕಥೆಯನ್ನು ಎಲ್ಲರೂ ಬಲ್ಲರು.

ಗೃಹಸ್ಥನ ಕರ್ತವ್ಯ

ಹೇಂಟೆಯ ಈ ವಿಚಾರವು ಹಿತ್ತಿಲಿನಲ್ಲಿಯೇ ನಿಲ್ಲುವುದಿಲ್ಲ, ಮನೆಯೊಳಕ್ಕೂ ಬರುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ, ದಶಲಕ್ಷಣ ಪರ್ವದಲ್ಲಿ, ನೋಂಪಿಯ ದಿನಗಳಲ್ಲಿ ಮನೆಯ ಹಿರಿಯರು ಉಪವಾಸವಿದ್ದಾಗ ಒಲೆ ಹೊತ್ತಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಂದು ಮಕ್ಕಳು ಅರೆಹೊಟ್ಟೆಯಲ್ಲಿರುತ್ತಾರೆ. ಕೊಟ್ಟಿಗೆಯ ದನಕ್ಕೆ ಹೊತ್ತು ಮೀರಿ ಹುಲ್ಲು ಬೀಳುತ್ತದೆ. ಆಳು ಉಂಡನೆ ಎಂದು ಕೇಳುವವರಿರುವುದಿಲ್ಲ. ಹೊಸದಾಗಿ ಬಂದ ಸೊಸೆಯು ಅತ್ತೆಯ ಮುಖ ನೋಡಿ, ಮೈಯಲ್ಲಿ ಶಕ್ತಿಯಿಲ್ಲದಿದ್ದರೂ, ಬಸುರಿಯಾಗಿದ್ದರೂ, ನಾಲ್ಕು ಜನರ ಮಾತಿಗೆ ಅಂಜಿ ಎಂಟು ದಿನದ ಉಪವಾಸಕ್ಕೆ ಒಪ್ಪುತ್ತಾಳೆ. ಅವಳು ಬಿಟ್ಟುದು ಅನ್ನವನ್ನು, ಬಿಡಿಸಿದುದು ಭಯ. ಭಯಸಂಜ್ಞೆಯು ಆಹಾರಸಂಜ್ಞೆಯನ್ನು ನುಂಗಿದ ಗಾಯಾಳು ಹೇಂಟೆಗೂ ಅವಳಿಗೂ ಆ ಹೊತ್ತಿನಲ್ಲಿ ಏನು ಭೇದ? ಹಾಗೆ ಒತ್ತಾಯಿಸಿದವರು ತಾವು ಧರ್ಮಪ್ರಭಾವನೆಯನ್ನು ಮಾಡಿದೆವೆಂದು ತಿಳಿದಿರುತ್ತಾರೆ. ಶಾಸ್ತ್ರವು ಅದನ್ನು ಅನ್ನಪಾನನಿರೋಧವೆಂದು ಕರೆಯುತ್ತದೆ. ಹಾಗೆಯೇ ಹಾಸಿಗೆ ಹಿಡಿದ ವೃದ್ಧರಿಗೆ ಅನ್ನ ಸೇರದಿದ್ದರೆ ಅವರು ವ್ರತದಲ್ಲಿದ್ದಾರೆಂದು ಸಮಾಧಾನಪಟ್ಟುಕೊಂಡು ವೈದ್ಯನನ್ನು ಕರೆಯದಿರುವುದೂ ಅದೇ ಜಾತಿಯ ದೋಷ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸುಮ್ಮನೆ ಸೇರಿಸಿಲ್ಲ. ಆ ಶಕ್ತಿಯನ್ನು ಅಳೆಯುವ ಅಧಿಕಾರವು ವ್ರತವನ್ನು ಹಿಡಿಯುವವನದು, ನೆರೆಯವರದಲ್ಲ.

ಆದುದರಿಂದ ಉಪವಾಸವನ್ನು ಸ್ವೀಕರಿಸುವ ಶ್ರಾವಕನು ಧಾರಣೆಯ ದಿನವೇ ತನ್ನನ್ನು ಆಶ್ರಯಿಸಿದವರೆಲ್ಲರ ಅನ್ನದ ವ್ಯವಸ್ಥೆಯನ್ನು ನೋಡಬೇಕು. ಮಗು, ರೋಗಿ, ಆಳು, ದನ, ಬಾಗಿಲಿಗೆ ಬಂದ ನಾಯಿ, ಜಗಲಿಯ ಕೆಳಗೆ ಅಡಗಿದ ಕೋಳಿ ಇವೆಲ್ಲವುಗಳ ಹೊಟ್ಟೆ ತುಂಬಿದ ಮೇಲೆ ತನ್ನ ಹೊಟ್ಟೆಯನ್ನು ಬರಿದುಮಾಡುವ ಪ್ರತಿಜ್ಞೆ ಶೋಭಿಸುತ್ತದೆ. ಹೆದರಿದವರಿಗೆ ಮೊದಲು ಅಭಯ, ನೊಂದವರಿಗೆ ಬಳಿಕ ಔಷಧ, ಹಸಿದವರಿಗೆ ಆಮೇಲೆ ಆಹಾರ, ಕೇಳಬಲ್ಲವರಿಗೆ ಕಡೆಯಲ್ಲಿ ಧರ್ಮದ ಮಾತು. ಈ ಕ್ರಮವನ್ನು ಬಲ್ಲವನು ಉಪವಾಸ ಯಾವುದು, ನಿರೋಧ ಯಾವುದು ಎಂಬುದರಲ್ಲಿ ತಪ್ಪುವುದಿಲ್ಲ. ತ್ಯಾಗವು ತನ್ನದನ್ನು ಬಿಡುವುದಕ್ಕೆ ಇರುವ ಹೆಸರು; ಇನ್ನೊಬ್ಬರ ಅನ್ನವನ್ನು ಬಿಡಿಸುವುದಕ್ಕೆ ಶಾಸ್ತ್ರದಲ್ಲಿ ಆ ಹೆಸರಿಲ್ಲ.